ಹೊನ್ನಾಜಿ ಪಾಲಿಗೆ ಬಂದ ಸೂಜಿ ಡಬ್ಬಿ

ಕಾಲು ಕೌದಿ ಒಳಗೆ ಎಳ್ಕೊ. ಮಗ್ಗುಲಾಗು ಕಣೇ. ಆ ದಾರ ಕೀಳ್ಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ, ಹೊಲಿದೋಳಿಗೆ ಗೊತ್ತು ಅದರ ಕಷ್ಟ. ಇವತ್ತು ರಾಜಕುಮಾರನ ಕತೆ ಗೀತೆ ಏನೂ ಇಲ್ಲ ನೋಡು. ಸಂಜೆ ಹುಡುಗರೆಲ್ಲ ನಿಮ್ಮ ಮಾವನ ಸೈಕಲ್ ಹೊಡ್ಕೊಂಡು ಬೀದಿ ತುಂಬ ಮೆರೆದ್ರು, ನಿನ್ನ ಕೈಗೆ ಅವರ ಚಪ್ಪಲಿ ಕೊಟ್ಟು ಕಾಯ್ಕೊಂಡಿರು ಅಂದ್ರು, ನೀನೂ ಬಾಯಿ ಮುಚ್ಕೊಂಡು ಕಾಯ್ಕೊಂಡು ನಿಂತಿದ್ದೆ. ಜಗಲಿ ಮೇಲಿಂದ ನೋಡ್ತಾನೇ ಇದ್ದೆ ನಾನು. ಆಗಿನಿಂದ ಮೈ ಉರೀತಿದೆ ನಂಗೆ. ಅದಕ್ಕೇ ಇವತ್ತು ಸಿಟ್ಟಿನ ಕತೆ. ಹೂಂ ಅಂತಿರ್ಬೇಕು, ನಿದ್ದೆ ಬಂದ್ರೂ ಹೂಂ ಅಂತಿರ್ಬೇಕು.

ಒಂದಾನೊಂದು ಕಾಲದಲ್ಲಿ, ಅರಮನೇಲಿ ರಾಣಿಯೂ ಇದ್ದು ಪೇಟೆ ಬೀದೀಲಿ ಹೊಲಿಗೆ ಮಿಷನ್ನೂ ಇದ್ದಂಥ ಕಾಲದಲ್ಲಿ, ಅದು ಹೇಗೆ ಎರಡೂ ಒಟ್ಟಿಗೆ ಇದ್ವು ಅಂತ ನನ್ನ ಕೇಳ್ಬೇಡ, ಕತೇಲಿ ಇರ್ತವೆ, ಒಂದು ಊರಲ್ಲಿ ಗವಿಯಪ್ಪ ಅಂತ ಒಬ್ಬ ದರ್ಜಿ ಇದ್ದನಂತೆ. ಅವನ ಹೆಂಡ್ತಿ ಎಂದೋ ತೀರಿಹೋಗಿದ್ದಳಂತೆ. ಮೂರು ಜನ ಗಂಡುಮಕ್ಕಳು, ದೊಡ್ಡೋನು ಮಾಳಿಗಯ್ಯ, ನಡುವಿನೋನು ಕೆಂಚಣ್ಣ, ಸಣ್ಣೋನು ಸೋಮಿ. ಅವರ ಬೆನ್ನ ಹಿಂದೆ ಒಂದು ಹೆಣ್ಣುಕೂಸು, ಹೊನ್ನಾಜಿ ಅಂತ ಹೆಸರು. ಹೆಸರಲ್ಲಿ ಹೊನ್ನು, ಮೂಗಿನ ತುದೀಲಿ ಕೋಪ. ಹುಟ್ಟಿದಾಗ ಅತ್ತ ದನಿಗೇ ಸೂಲಗಿತ್ತಿ ಹೆದರಿಬಿಟ್ಟಿದ್ದಳಂತೆ.

ಆ ಊರಿಗೆಲ್ಲ ಅದೊಂದೇ ಮಿಷನ್ನಂತೆ. ಉಳಿದ ದರ್ಜಿಗಳು ಕೈಹೊಲಿಗೆಯೋರು. ಗವಿಯಪ್ಪನ ಹೊಲಿಗೆ ಅಂದ್ರೆ ಸುತ್ತೂರಲ್ಲೂ ಹೆಸರು. ಅವನು ಯಾವ ಬಟ್ಟೆ ಬಂದ್ರೂ ಮೊದಲು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಉಜ್ಜಿ ನೋಡೋನಂತೆ, ಆಮೇಲೆ ಬೀದಿ ಕಡೆ ಬೆನ್ನು ಮಾಡಿ, ಹೆಗಲ ಮೇಲಿನ ಟವಲ್ಲನ್ನ ಮಿಷನ್ ಮೇಲೆ ಮುಸುಕು ಹಾಕಿ, ಒಳಗೊಳಗೇ ಏನೋ ಮಾಡೋನಂತೆ. ಏನು ಮಾಡ್ತಿದ್ದ? ಸೂಜಿ ಬದಲಾಯಿಸ್ತಿದ್ದ ಅಷ್ಟೆ. ರೇಷ್ಮೆಗೊಂದು ಸೂಜಿ, ಡೇರೆ ಬಟ್ಟೆಗೊಂದು ಸೂಜಿ, ಬನೀನು ಬಟ್ಟೆಗೊಂದು ಸೂಜಿ. ಇನ್ನೊಬ್ಬ ದರ್ಜಿ ಕಂಡುಬಿಟ್ಟಾನು ಅಂತ ಅಷ್ಟು ಗುಟ್ಟು. ಎಷ್ಟು ಗುಟ್ಟು ಅಂದ್ರೆ ಹೊಟ್ಟೇಲಿ ಹುಟ್ಟಿದ ಗಂಡುಮಕ್ಕಳಿಗೂ ಕಾಣದಷ್ಟು ಗುಟ್ಟು. ಅವರನ್ನ ನೇರ ಹೊಲಿಗೆ ಹೊಡೆಯೋಕೆ ಕೂರಿಸೋನು, ಎಬ್ಬಿಸೋನು. ಅವರಿಗೆ ಸೂಜಿ ಅಂದ್ರೆ ಸೂಜಿ, ಚುಚ್ಚುತ್ತೆ, ಮುಗೀತು.

ಆದ್ರೆ ಒಬ್ಬಳಿಗೆ ಮಾತ್ರ ಕಾಣ್ತಿತ್ತು. ಯಾಕೆ ಹೇಳು? ಆ ಟವಲ್ ಮುಸುಕಿನ ಒಳಗೆ ಡಬ್ಬಿ ಹಿಡ್ಕೊಂಡು ನಿಂತಿರ್ತಿದ್ದೋಳು ಅವಳೇ. ಹೊನ್ನಾಜಿ ಕೆಲಸ ಅಂದ್ರೆ ಕಾಜ ಹೊಲಿಯೋದು, ಹುಕ್ಕು ಹಾಕೋದು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ಊದೋದು, ಅಪ್ಪ ಕೈ ಚಾಚಿದಾಗ ಸೂಜಿ ಡಬ್ಬಿ ಹಿಡಿಯೋದು. ತಗಡಿನ ಡಬ್ಬಿ ಅದು, ಮುಚ್ಚಳದ ಮೇಲೆ ಗಿಳಿ ಚಿತ್ರ, ಗಿಳಿಯ ಬಾಲ ಉಜ್ಜಿ ಉಜ್ಜಿ ಅಳಿಸಿಹೋಗಿತ್ತಂತೆ. ಅವಳು ಎಷ್ಟೋ ಸಲ ಕೇಳಿದ್ದಳಂತೆ, ಅಪ್ಪಾ ನಾನೊಂದು ಸಲ ಮಿಷನ್ ಮೇಲೆ ಕೂತ್ಕೊಳ್ಲಾ ಅಂತ. ಹೆಣ್ಣುಮಗಳು, ಅದೂ ಇಂಥ ಸಿಡುಕಿ, ನೀನು ಕೂತ್ರೆ ದಾರ ಹರಿದುಹೋಗುತ್ತೆ ಸುಮ್ನಿರು ಅಂದುಬಿಡೋನಂತೆ. ಅವಳು ಹಲ್ಲು ಕಚ್ಕೊಂಡು ವಾಪಸ್ ಕಾಜ ಹೊಲಿಯೋಕೆ ಕೂರೋಳಂತೆ.

ಆಮೇಲೆ ಗವಿಯಪ್ಪನಿಗೆ ವಯಸ್ಸಾಯ್ತು, ಕಣ್ಣಿಗೆ ಪೊರೆ ಬಂತು, ದಪ್ಪ ಸೂಜಿ ಯಾವುದು ಸಣ್ಣ ಸೂಜಿ ಯಾವುದು ಕಾಣದ ಹಾಗಾಯ್ತಂತೆ. ಆಗ ಏನು ಮಾಡ್ತಿದ್ದ ಅಂದ್ರೆ, ಸುಮ್ನೆ ಹಿಂದಕ್ಕೆ ಕೈ ಚಾಚೋನು. ಹೊನ್ನಾಜಿ ಬಟ್ಟೆ ಮುಟ್ಟಿ ನೋಡಿ, ಸರಿಯಾದ ಸೂಜಿ ತೆಗೆದು ಕೈಗಿಡೋಳು. ಇದೇ ಯಾಕೆ ಕೊಟ್ಟೆ ಅಂತ ಅವನು ಕೇಳಲಿಲ್ಲ. ಇದಕ್ಕೆ ಇದೇ ಬೇಕು ಕಣಪ್ಪ ಅಂತ ಅವಳೂ ಹೇಳಲಿಲ್ಲ. ಊರೋರು ಮಾತ್ರ, ಆಹಾ ಗವಿಯಪ್ಪನಿಗೆ ಕಣ್ಣು ಹೋದ್ರೂ ಕೈ ಹೋಗ್ಲಿಲ್ಲ ನೋಡಿ ಅಂತ ಹೊಗಳೋರಂತೆ. ಯಾರ ಕೈ ಅದು? ಹೇಳು, ಯಾರ ಕೈ? ಹಾಂ. ನಿಂಗೆ ಗೊತ್ತಾಯ್ತು, ಆ ಊರಿಗೆ ಗೊತ್ತಾಗ್ಲಿಲ್ಲ.

ಹೀಗಿರ್ತಾ ಇರ್ತಾ ಗವಿಯಪ್ಪ ಹಾಸಿಗೆ ಹಿಡಿದನಂತೆ. ಇನ್ನು ಉಳಿಯೋದಿಲ್ಲ ಅಂತ ತಿಳಿದಾಗ ಮಕ್ಕಳನ್ನ ಹತ್ತಿರ ಕರೆದು, ಮಿಷನ್ನು ಮನೇದು, ಯಾರಿಗೂ ಪಾಲಿಲ್ಲ, ಸೂಜಿ ಮೂರಿವೆ, ನೀವು ಮೂವರಿದ್ದೀರಿ, ಒಬ್ಬೊಬ್ಬರು ಒಂದೊಂದು ತಗೊಳ್ಳಿ, ಒಬ್ಬರ ಸೂಜಿಗೆ ಇನ್ನೊಬ್ಬರು ಕೈ ಹಾಕ್ಬೇಡಿ, ಜಗಳ ಆಡ್ಬೇಡಿ ಅಂದನಂತೆ. ಮಕ್ಕಳು ಮೂವರೂ ಅವನ ಕಾಲು ಮುಟ್ಟಿ ಆಣೆ ಮಾಡಿದರಂತೆ. ಹೊನ್ನಾಜಿ ಬಾಗಿಲ ಹತ್ತಿರ ನಿಂತಿದ್ದೋಳು ಮುಂದೆ ಬಂದು, ಅಪ್ಪಾ ನಂಗೆ ಅಂದಳಂತೆ. ಗವಿಯಪ್ಪ ಅವಳ ದನಿ ಬಂದ ಕಡೆ ಮುಖ ತಿರುಗಿಸಿ, ನಿಂಗೇನಮ್ಮ, ಡಬ್ಬಿ ಖಾಲಿ ಆಯ್ತಲ್ಲ, ಅದನ್ನ ಇಟ್ಕೊ ಅಂದನಂತೆ. ಅಷ್ಟಂದು ಕಣ್ಣು ಮುಚ್ಚಿದನಂತೆ.

ಹೊನ್ನಾಜಿ ಅತ್ತಳಂತೆ, ಎದೆ ಬಡ್ಕೊಂಡು ಅತ್ತಳಂತೆ. ಬಂದೋರೆಲ್ಲ ಪಾಪ ಅಪ್ಪನ ಮೇಲೆ ಎಷ್ಟು ಪ್ರೀತಿ ಅಂದುಕೊಂಡರು. ಪ್ರೀತಿಯೂ ಇತ್ತು ಅನ್ನು. ಆದ್ರೆ ಅಪ್ಪ ಹೋದ ಅಂತ ಅಳ್ತಿದ್ದಾಳೋ ಅಪ್ಪನ ಮೇಲಿನ ಸಿಟ್ಟಿಗೆ ಅಳ್ತಿದ್ದಾಳೋ ಅವಳಿಗೇ ಗೊತ್ತಾಗ್ತಿರಲಿಲ್ಲವಂತೆ. ಸತ್ತೋರ ಹತ್ತಿರ ಜಗಳ ಆಡೋಕಾಗುತ್ತಾ? ಆ ಖಾಲಿ ಡಬ್ಬಿಯನ್ನ ತಿಪ್ಪೆಗೆ ಎಸೀಬೇಕು ಅಂತ ಹಿತ್ತಲಿಗೆ ಹೋದಳಂತೆ, ಕೈ ಎತ್ತಿದಳಂತೆ, ಗಿಳಿ ಮುಖ ನೋಡಿ ಯಾಕೋ ಎಸೆಯೋಕಾಗದೆ ಸೊಂಟಕ್ಕೆ ಸಿಕ್ಕಿಸ್ಕೊಂಡು ವಾಪಸ್ ಬಂದಳಂತೆ.

ಇತ್ತ ಅಣ್ಣಂದಿರು ಸೂಜಿ ಹಂಚ್ಕೊಂಡರಂತೆ. ಹೇಗೆ ಹಂಚ್ಕೊಂಡ್ರು ಕೇಳು, ನಗು ಬರುತ್ತೆ. ನಾನು ದೊಡ್ಡೋನು, ನಂಗೆ ದಪ್ಪಂದು ಅಂತ ಮಾಳಿಗಯ್ಯ ದಪ್ಪ ಸೂಜಿ ಎತ್ಕೊಂಡನಂತೆ. ಕೆಂಚಣ್ಣ ಸ್ವಲ್ಪ ಶೋಕಿಯೋನು, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯೋನು, ಫಳಫಳ ಹೊಳೀತಿದೆ ಅಂತ ಸಣ್ಣ ಸೂಜಿ ಎತ್ಕೊಂಡನಂತೆ. ಉಳಿದದ್ದು ಸೋಮಿಗೆ. ಆ ಸೂಜಿಯ ತುದಿ ಚೂಪಾಗಿರದೆ ಒಂಚೂರು ಗುಂಡಗಿತ್ತಂತೆ. ಅವನು ಬೆರಳಿಗೆ ಚುಚ್ಚಿ ನೋಡ್ಕೊಂಡು, ಅಯ್ಯೋ ಇದು ಮೊಂಡು, ನಂಗೆ ಮೋಸ ಆಯ್ತು ಅಂತ ಮುಖ ಗಂಟು ಹಾಕ್ಕೊಂಡನಂತೆ. ಅಣ್ಣಂದಿರು ನಕ್ಕು, ಸಣ್ಣೋನಿಗೆ ಅಷ್ಟು ಸಾಕು ಬಿಡೋ ಅಂದರಂತೆ. ಅಲ್ಲಿಂದ ಮೂವರೂ ಅವರವರ ಸೂಜಿಯನ್ನ ಅವರವರ ಅಂಗಿ ಕಾಲರಿಗೆ ಚುಚ್ಕೊಂಡು, ಮಲಗುವಾಗಲೂ ತೆಗೀದೆ, ಕತ್ತು ಕೆರ್ಕೊಂಡು ಓಡಾಡೋರಂತೆ. ಮಿಷನ್ ಮೇಲೆ ಯಾರು ಕೂತ್ರೆ ಅವರ ಸೂಜಿ. ಬಂದದ್ದು ಯಾವ ಬಟ್ಟೆ ಅಂತ ಕೇಳೋರೇ ಇಲ್ಲ.

ಹೂಂ ಅನ್ನು. ಮಲಗಿಬಿಟ್ಯಾ? ಹೂಂ, ಸರಿ.

ಆಮೇಲೆ ಆ ಊರಿನ ರಾಣಿ ಮಗಳ ಮದುವೆ ಬಂತಂತೆ. ರಾಣಿ ಹೆಸರು ದೇವಾಜಮ್ಮಣ್ಣಿ. ಅವಳೂ ಕಡಿಮೆ ಸಿಟ್ಟಿನೋಳಲ್ಲ ಅನ್ನು. ಊರಿಗೊಂದೇ ಮಿಷನ್ನು, ಗವಿಯಪ್ಪನ ಮನೇದು, ಮದುವೆ ಹೊಲಿಗೆಯೆಲ್ಲ ಅಲ್ಲಿಗೇ ಹೋಗ್ಲಿ ಅಂತ ಆಳುಗಳ ತಲೆ ಮೇಲೆ ಮೂರು ಥರದ ಬಟ್ಟೆ ಹೊರಿಸಿ ಕಳಿಸಿದಳಂತೆ. ಮದುಮಗಳ ರವಿಕೆಗೆ ಗಾಳಿಗೆ ಹಾರೋ ಅಂಥ ರೇಷ್ಮೆ, ಬೀಗರು ಇಳ್ಕೊಳ್ಳೋ ಡೇರೆಗೆ ಹಲಗೆ ಥರ ನಿಲ್ಲೋ ಒರಟು ಬಟ್ಟೆ, ಮದುವೇಲಿ ಕುಸ್ತಿ ಆಡೋ ಪೈಲ್ವಾನರಿಗೆ ಎಳೆದ್ರೆ ಹಿಗ್ಗೋ ಬನೀನು ಬಟ್ಟೆ. ಜೊತೆಗೊಂದು ಮಾತು ಹೇಳಿ ಕಳಿಸಿದ್ದಳಂತೆ, ಗವಿಯಪ್ಪನ ಮುಖ ನೋಡಿ ಒಂದು ತಪ್ಪು ಮಾಫಿ, ಎರಡು ಮಾಫಿ, ಮೂರನೇದೂ ಕೆಟ್ರೆ ಮಿಷನ್ನು ಅರಮನೆ ಉಗ್ರಾಣ ಸೇರುತ್ತೆ ಅಂತ. ಮಿಷನ್ ಹೋದ್ರೆ ಆ ಮನೇಲಿ ಒಲೆ ಹತ್ತೋದಿಲ್ಲ. ಅದು ಎಲ್ರಿಗೂ ಗೊತ್ತು. ಹೊನ್ನಾಜಿಗೆ ಇನ್ನೂ ಒಂದು ಸಂಕಟ, ಆ ಮಿಷನ್ ಮೇಲೆ ಒಂದು ಸಲನಾದ್ರೂ ಕೂರಬೇಕು ಅನ್ನೋ ಆಸೆ ಅವಳಿಗಿನ್ನೂ ಹೋಗಿರಲಿಲ್ಲ.

ಮೊದಲು ರೇಷ್ಮೆ. ದೊಡ್ಡೋನು ನಾನು, ನಾನೇ ಕೂರೋದು ಅಂತ ಮಾಳಿಗಯ್ಯ ಕೂತನಂತೆ, ಕಾಲರಿಂದ ದಪ್ಪ ಸೂಜಿ ಕಿತ್ತು ತಿರುಪು ಬಿಗಿ ಮಾಡಿದನಂತೆ. ಹೊನ್ನಾಜಿ ನೋಡಿ, ದೊಡ್ಡಣ್ಣ, ಇದಕ್ಕೆ ನಡುವಣ್ಣನ ಸೂಜಿ ಬೇಕು ಕಣೋ ಅಂದಳಂತೆ. ಕಾಜ ಹೊಲಿಯೋಳು ಕಾಜ ಹೊಲಿ ಹೋಗು ಅಂದನಂತೆ. ರೇಷ್ಮೆ ತೂತಾಗುತ್ತೆ ಅಂದ್ರೆ, ಅಪ್ಪನ ಆಣೆ ಮುರೀಬೇಕಾ ನಾನು ಅಂದನಂತೆ. ಅಂದು ಪೆಡಲ್ ತುಳಿದ. ಟಕಟಕಟಕ ಅಂತ ಹೊಲಿದ. ಹೊಲಿದು ಬೆಳಕಿಗೆ ಹಿಡಿದು ನೋಡಿದ್ರೆ, ಹೊಲಿಗೆ ಉದ್ದಕ್ಕೂ ಸಾಲುಸಾಲಾಗಿ ತೂತು, ಒಂದೊಂದು ತೂತಿನಿಂದ ಆಚೆ ಬದಿ ಬೀದಿ ಕಾಣ್ತಿತ್ತಂತೆ, ಎಳೆ ಎಳೆ ಬಿಟ್ಕೊಂಡು ಬಟ್ಟೆ ಸುಕ್ಕು ಕಟ್ಟಿತ್ತಂತೆ. ಹತ್ತಿ ಬಟ್ಟೆಯಾದ್ರೆ ಒಗೆದ್ರೆ ತೂತು ಮುಚ್ಕೊಳ್ಳುತ್ತೆ, ರೇಷ್ಮೆ ಮುಚ್ಕೊಳ್ಳಲ್ಲ, ಒಂದು ಸಲ ಚುಚ್ಚಿದ್ದು ಚುಚ್ಚಿದ್ದೇ. ಅವನೇ ಅರಮನೆಗೆ ಒಯ್ದ, ಮಡಿಕೆ ಬಿಚ್ಚಿ ನೋಡಿದ ರಾಣಿ ಅಲ್ಲಿಂದಲೇ ಉಗಿದು ಕಳಿಸಿದಳಂತೆ. ಮಾಳಿಗಯ್ಯ ಮನೆಗೆ ಬಂದು ಏನಂದ ಗೊತ್ತಾ? ಹೊನ್ನಿ ಪಕ್ಕದಲ್ಲಿ ನಿಂತು ಅಪಶಕುನ ನುಡಿದ್ಲು, ಅದಕ್ಕೇ ಹೀಗಾಯ್ತು ಅಂದನಂತೆ.

ಅವನ ಬಾಯಿಗೆ ಮಣ್ಣು ಹಾಕ! ಅಲ್ವಾ ಮತ್ತೆ? ಹೊನ್ನಾಜಿಗೂ ಹಾಗೇ ಅನ್ನಿಸ್ತಂತೆ. ಆದ್ರೆ ಅನ್ನಲಿಲ್ಲವಂತೆ. ನುಂಗ್ಕೊಂಡಳು.

ಎರಡನೇದು ಡೇರೆ ಬಟ್ಟೆ. ಅಣ್ಣ ಕಳೆದ ಮಾನ ನಾನು ಉಳಿಸ್ತೀನಿ ಅಂತ ಕೆಂಚಣ್ಣ ಬೈತಲೆ ಸರಿ ಮಾಡ್ಕೊಂಡು ಕೂತನಂತೆ, ಕೂದಲೆಳೆ ಥರದ ಆ ಸಣ್ಣ ಸೂಜಿ ಹಾಕಿದನಂತೆ. ಡೇರೆಗೆ ಹಾಕೋ ದಪ್ಪ ದಾರ ಅದರ ಕಣ್ಣಲ್ಲಿ ತೂರೋದೇ ಇಲ್ಲ. ಎಂಜಲು ಹಚ್ಚಿ, ಹೊಸೆದು, ಹೇಗೋ ತೂರಿಸಿದ. ತುಳಿದ್ರೆ ದಾರ ಜೂಲುಜೂಲಾಗಿ ಹರೀತು. ಮತ್ತೆ ತೂರಿಸಿದ, ಮತ್ತೆ ಹರೀತು. ಆಮೇಲೆ ಸಿಟ್ಟು ಬಂದು ಜೋರಾಗಿ ತುಳಿದನಂತೆ. ಮಡಿಸಿದ ಬಟ್ಟೆ ಒಳಗೆ ಸೂಜಿ ಇಳೀಲಾರದೆ ಟಿಕ್ ಟಿಕ್ ಅಂತ ಅಳೋಕೆ ಶುರು ಮಾಡ್ತಂತೆ, ಸೊಂಟ ಬಾಗೋಕೆ ಶುರುವಾಯ್ತಂತೆ. ನಡುವಣ್ಣ ನಿಲ್ಸು, ಸೂಜಿ ಮುರಿಯುತ್ತೆ ಅಂತ ಹೊನ್ನಾಜಿ ಬಾಯಿ ಬಡ್ಕೊಂಡಳಂತೆ. ಅವನು ಕಿವಿ ಮೇಲೇ ಹಾಕ್ಕೊಳ್ಲಿಲ್ಲ. ಆಗ ಅವಳು ಏನು ಮಾಡಿದಳು, ಮಿಷನ್ ಕೆಳಗೆ ಕಾಲು ತೂರಿಸಿ ಚಕ್ರದ ಬೆಲ್ಟಿಗೆ ಒಂದು ಒದ್ದಳು. ಬೆಲ್ಟು ಬಿಚ್ಕೊಂಡು ಬಿತ್ತು. ಮಿಷನ್ ನಿಂತುಹೋಯ್ತು. ಸೂಜಿ ಉಳೀತು.

ಸೂಜಿ ಉಳಿಸಿದೋಳಿಗೆ ಏನು ಸಿಕ್ತು? ಬೈಗುಳ. ಅಪ್ಪನ ಮಿಷನ್‌ಗೆ ಕಾಲಲ್ಲಿ ಒದ್ದಳು, ನೋಡಿ, ಲಕ್ಷ್ಮಿಗೆ ಒದ್ದ ಹಾಗೆ ಅಂತ ಮೂವರೂ ಸೇರಿ ಕೂಗಾಡಿ, ಇನ್ನು ಮೇಲೆ ನೀನು ಮಿಷನ್ ಇರೋ ಕೋಣೆಗೆ ಕಾಲಿಡಕೂಡದು, ಹಿತ್ತಲಲ್ಲಿ ಒಲೆ ನೋಡ್ಕೊಂಡು ಬಿದ್ದಿರು ಅಂತ ಅವಳನ್ನ ಹಿಂದಕ್ಕೆ ನೂಕಿ ಕದ ಎಳ್ಕೊಂಡರಂತೆ. ಡೇರೆ ಬಟ್ಟೆ ಹೊಲಿಗೆ ಆಗ್ಲಿಲ್ಲ. ಅರಮನೆಯೋರು ಬಂದು ಹಾಗೇ ವಾಪಸ್ ಹೊತ್ಕೊಂಡು ಹೋದರು. ಎರಡಾಯ್ತು. ಉಳಿದದ್ದು ಒಂದೇ. ಹೊನ್ನಾಜಿ ಹಿತ್ತಲಲ್ಲಿ ಒಲೆ ಮುಂದೆ ಕೂತು ಊದುಗೊಳವೆ ಹಿಡ್ಕೊಂಡು ಒಂದೇ ಸಮ ಊದಿದಳಂತೆ, ಬೆಂಕಿ ಆಗ್ಲೇ ಹತ್ತಿದ್ರೂ ಊದಿದಳಂತೆ.

ಮೂರನೇ ಬಟ್ಟೆಗೆ ರಾಣಿ ತಾನೇ ಬಂದಳಂತೆ. ಪಲ್ಲಕ್ಕೀಲಿ ಬಂದು, ಹಿಂದೆ ಪೈಲ್ವಾನರನ್ನ ಕರ್ಕೊಂಡು ಬಂದು, ಕೆಟ್ಟ ಬಟ್ಟೆ ಕೆಡದ ಬಟ್ಟೆ ಎಲ್ಲ ಹೊರಿಸ್ಕೊಂಡು ಬಂದು, ನನ್ನ ಕಣ್ಣ ಮುಂದೆ ಹೊಲೀರಿ, ಕೆಟ್ರೆ ಇವರೇ ಮಿಷನ್ ಹೊತ್ಕೊಂಡು ಹೋಗ್ತಾರೆ ಅಂತ ಮಿಷನ್ ಕೋಣೇಲೇ ಕೂತಳಂತೆ. ಸರದಿ ಸೋಮೀದು. ಇರಿ ತಾಯಿ, ಸೂಜಿ ಮೊಂಡಾಗಿದೆ, ಒಂಚೂರು ಮಸೆದು ಬಂದೆ ಅಂತ ಕತ್ತರಿ ಮಸೆಯೋ ಕಲ್ಲು ಎತ್ಕೊಂಡು ಹಿತ್ತಲಿಗೆ ಓಡಿದನಂತೆ.

ಹೊನ್ನಾಜಿ ಒಲೆ ಮುಂದಿಂದ ತಲೆ ಎತ್ತಿ ನೋಡ್ತಾಳೆ, ಈ ಸೋಮಿ ಬಾವಿ ಕಟ್ಟೆ ಮೇಲೆ ಕೂತು ಗುಂಡುಮೂತಿ ಸೂಜಿಯನ್ನ ಕಲ್ಲಿನ ಮೇಲೆ ಇಟ್ಟು ಕರ್ ಅಂತ ಒಂದು ಎಳೆತ ಎಳೀತಿದ್ದಾನೆ. ಅಯ್ಯಯ್ಯೋ! ಮೂವರಲ್ಲಿ ಇವನೊಬ್ಬನ ಕೈಗೆ ಬಟ್ಟೆಗೆ ತಕ್ಕ ಸೂಜಿ ಸಿಕ್ಕಿತ್ತು ಕಣೇ, ಸುಮ್ನೆ ಹಾಕಿ ಹೊಲಿದಿದ್ರೆ ಆಗಿಹೋಗ್ತಿತ್ತು, ಅದನ್ನೂ ಕೆಡಿಸೋಕೆ ಕೂತಿದ್ದಾನೆ ಪುಣ್ಯಾತ್ಮ! ಹೊನ್ನಾಜಿ ಊದುಗೊಳವೆ ಬಿಸಾಕಿ ಓಡಿಹೋಗಿ ಅವನ ಮುಂಗೈ ಹಿಡಿದು ತಿರುಚಿ ಸೂಜಿ ಕಿತ್ಕೊಂಡಳಂತೆ. ಬೆರಳ ತುದೀಲಿ ಸವರಿ ನೋಡಿದಳಂತೆ, ಇನ್ನೂ ಗುಂಡಗೇ ಇತ್ತಂತೆ. ಮಸೀತಿದ್ದೆ ಕಣೇ, ಮೊಂಡು ಅಂತ ಅವನು ತೊದಲಿದನಂತೆ.

ಆಗ ಅವಳ ಬಾಯಿ ಬಿಚ್ಚಿತು ನೋಡು. ಮೊಂಡು ಸೂಜಿ ಅಲ್ವೋ, ಮೊಂಡು ನಿನ್ನ ತಲೆ! ಬನೀನು ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು, ಒಳಗೆಲ್ಲ ಕುಣಿಕೆ ಕುಣಿಕೆ. ಚೂಪು ಸೂಜಿ ಹೋದ್ರೆ ಕುಣಿಕೆ ಕತ್ತರಿಸುತ್ತೆ, ಒಂದು ಕತ್ತರಿಸಿದ್ರೆ ಅದರ ಕೆಳಗಿಂದೂ ಬಿಡುತ್ತೆ, ಅದರ ಕೆಳಗಿಂದೂ ಬಿಡುತ್ತೆ, ಪೈಲ್ವಾನ ತೊಡೆ ತಟ್ಟೋ ಹೊತ್ತಿಗೆ ಮೈ ಮೇಲೆ ಬರೀ ಕತ್ತಿನ ಪಟ್ಟಿ ಉಳಿಯುತ್ತೆ! ಈ ಗುಂಡುತುದಿ ಕತ್ತರಿಸಲ್ಲ ಕಣೋ. ಸಂತೆ ಗುಂಪಲ್ಲಿ ಮರ್ಯಾದಸ್ಥರು ಸ್ವಲ್ಪ ಜರುಗಿ ಅಂತ ನುಸುಳ್ಕೊಂಡು ಹೋಗ್ತಾರಲ್ಲ, ಹಾಗೆ ಎಳೆ ಜರುಗಿಸಿ ಹೋಗುತ್ತೆ. ಅಂತ ಹೇಳಿ, ಅಲ್ಲಿಗೇ ನಿಲ್ಲಿಸದೆ, ಸೂಜಿ ಮುಷ್ಟೀಲಿ ಹಿಡ್ಕೊಂಡು, ಮುಚ್ಚಿದ್ದ ಕದಕ್ಕೆ ಭುಜ ಕೊಟ್ಟು ನೂಕಿ, ರಾಣಿ ಕೂತಿದ್ದಾಳೆ ಅನ್ನೋದನ್ನೂ ನೋಡದೆ, ಕೆದರಿದ ತಲೆ, ಮಸಿ ಕೈ, ಹಾಗೇ ಮಿಷನ್ ಕೋಣೆಗೆ ನುಗ್ಗಿದಳಂತೆ.

ನುಗ್ಗಿದೋಳೇ ಸೊಂಟದಲ್ಲಿದ್ದ ಗಿಳಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಸೋಮಿ ಸೂಜಿ ಅದರೊಳಗೆ ಟಣ್ ಅಂತ ಹಾಕಿ, ಅಣ್ಣಂದಿರ ಮುಂದೆ ಹಿಡಿದು, ಹಾಕಿ ಅಂದಳಂತೆ.

ಏನು ಹಾಕೋದು ಅಂದ ಮಾಳಿಗಯ್ಯ.

ಸೂಜಿ ಹಾಕು.

ಅಪ್ಪನಿಗೆ ಆಣೆ ಮಾಡಿದ್ದೀವಿ, ಒಬ್ಬರ ಸೂಜಿಗೆ ಇನ್ನೊಬ್ಬರು ಕೈ ಹಾಕಲ್ಲ ಅಂತ, ಕೊಡಲ್ಲ ಅಂದರಂತೆ ಇಬ್ರೂ. ಹೊನ್ನಾಜಿ ಕಣ್ಣು ಕೆಂಡ ಆಯ್ತಂತೆ. ಆಣೆ ಮಾಡಿದ್ದು ನೀವು ಮೂವರು. ನನ್ನ ಹತ್ತಿರ ಯಾರೂ ಆಣೆ ಮಾಡಿಸಿಲ್ಲ, ಕೇಳಿದ್ದೂ ಇಲ್ಲ. ನನ್ನ ಪಾಲಿಗೆ ಬಂದದ್ದು ಈ ಡಬ್ಬಿ. ಸೂಜಿ ಇರಬೇಕಾದ ಜಾಗ ಯಾವುದು? ನಿನ್ನ ಕಾಲರಾ? ಅಪ್ಪ ಕೈ ಚಾಚಿದಾಗ ಯಾವ ಬಟ್ಟೆಗೆ ಯಾವುದು ಅಂತ ಆರಿಸಿ ಕೊಟ್ಟೋಳು ನಾನು. ಕಣ್ಣು ಹೋದ ಮೇಲೆ ಅಪ್ಪ ಹೊಲಿದ ಒಂದೊಂದು ಬಟ್ಟೆಗೂ ಸೂಜಿ ಆರಿಸಿದೋಳು ನಾನು. ನೀವು ಗಂಡಸರು ಮೂವರು ಹಿಂದೆ ಕೂತು ಎಲೆಅಡಿಕೆ ಅಗೀತಿದ್ರಿ. ಒಂದು ದಿನ ಒಬ್ಬರಾದ್ರೂ, ಹೊನ್ನಿ, ಒಳಗೆ ಏನು ಮಾಡ್ತೀಯ ಅಂತ ಕೇಳಿದ್ರಾ? ಹಾಕಿ ಡಬ್ಬಿಗೆ! ಅಂತ ಕಿರುಚಿದ್ದಕ್ಕೆ ಗೂಡಲ್ಲಿದ್ದ ಪಾರಿವಾಳ ಎಲ್ಲ ಹಾರಿಹೋದ್ವಂತೆ. ಮಾಳಿಗಯ್ಯ ಕಾಲರಿಗೆ ಕೈ ಹಾಕಿ ತಡ ಮಾಡಿದ್ದಕ್ಕೆ ಅವಳೇ ಕಿತ್ಕೊಂಡಳಂತೆ, ಆಮೇಲೆ ಕೆಂಚಣ್ಣಂದು. ಟಣ್. ಟಣ್.

ರಾಣಿ ದೇವಾಜಮ್ಮಣ್ಣಿ ಕೂತಲ್ಲಿಂದಲೇ, ಯಾವಳೇ ನೀನು, ನಾನಿರುವಾಗ ಇಷ್ಟು ಜೋರು ಮಾಡೋಳು ಅಂತ ಗುಡುಗಿದಳಂತೆ. ಗವಿಯಪ್ಪನ ಮಗಳು, ಈ ಮಿಷನ್ನಿಗೆ ಸೂಜಿ ಕೊಡೋಳು ಅಂದಳಂತೆ ಹೊನ್ನಾಜಿ. ನೀನು ಹೊಲಿದು ಕೆಟ್ರೆ ಅಂದಳಂತೆ ರಾಣಿ. ಮಿಷನ್ ಜೊತೆ ನನ್ನನ್ನೂ ಉಗ್ರಾಣಕ್ಕೆ ಹಾಕಿ ಬೀಗ ಜಡೀರಿ ತಾಯಿ, ಆದ್ರೆ ಮೂರೂ ನಾನೇ ಹೊಲಿಯೋದು, ಯಾರೂ ನಡುವೆ ಬಾಯಿ ಹಾಕಕೂಡದು ಅಂದಳಂತೆ, ಕಡ್ಡಿ ಮುರಿದ ಹಾಗೆ. ರಾಣಿ ಅವಳನ್ನ ಮೇಲಿಂದ ಕೆಳಗೆ ನೋಡಿ, ಮೊದಲು ಕೈ ತೊಳ್ಕೊ, ಮಸಿ ಇದೆ ಅಂದಳಂತೆ.

ತೊಳ್ಕೊಂಡು ಬಂದಳು. ಕೂತಳು. ಎಷ್ಟೋ ವರ್ಷದ ಆಸೆ, ಕೂತ ಮೇಲೆ ಅದನ್ನ ನೆನೆಸ್ಕೊಳ್ಳೋಕೂ ಪುರುಸೊತ್ತಿಲ್ಲ. ಮೊದಲು ಬನೀನು ಬಟ್ಟೆ. ಗುಂಡುತುದಿ ಸೂಜಿ ತೆಗೆದು, ಅದರ ಚಪ್ಪಟೆ ಬೆನ್ನು ಹಿಂದಕ್ಕೆ ಬರೋ ಹಾಗೆ ಪೂರ್ತಿ ಮೇಲಕ್ಕೆ ತಳ್ಳಿ, ತಿರುಪು ಬಿಗಿ ಮಾಡಿ, ಒಂದು ಚಿಂದಿ ತುಂಡಿನ ಮೇಲೆ ಹೊಲಿದು, ಎಳೆದು ನೋಡಿ, ಆಮೇಲೆ ಬಟ್ಟೆಗೆ ಕೈ ಹಾಕಿದಳಂತೆ. ಚಿಂದಿ ಮೇಲೆ ಏನಾಟ ಆಡ್ತೀಯ ಅಂತ ರಾಣಿ ಸಿಡುಕಿದ್ರೆ, ನಿಮ್ಮ ಬಟ್ಟೆ ಮೇಲೆ ಆಡಬಾರದು ಅಂತ ಚಿಂದಿ ಮೇಲೆ ಆಡ್ತಿದ್ದೀನಿ ತಾಯಿ ಅಂದಳಂತೆ. ಹೊಲಿದದ್ದನ್ನ ಒಬ್ಬ ಪೈಲ್ವಾನ ತೊಟ್ಕೊಂಡು, ಉಸಿರು ಎಳೆದು ಎದೆ ಉಬ್ಬಿಸಿ, ಬಸ್ಕಿ ಹೊಡೆದು, ದಂಡ ಹೊಡೆದು, ಬೆವರಿ ನೀರಾದ. ಒಂದು ಕುಣಿಕೆ ಬಿಡಲಿಲ್ಲವಂತೆ.

ಆಮೇಲೆ ಡೇರೆ ಬಟ್ಟೆ. ಮಾಳಿಗಯ್ಯನ ದಪ್ಪ ಸೂಜಿ ಏರಿಸಿದಳು, ದಪ್ಪ ದಾರ ಅದರ ಕಣ್ಣಲ್ಲಿ ತಾನಾಗೇ ಹೋಯ್ತಂತೆ. ನಿಧಾನಕ್ಕೆ, ಒಂದೊಂದೇ ತುಳಿತ ತುಳಿದು ಹೊಲಿದಳು. ಪೈಲ್ವಾನರು ಆ ಕಡೆ ಈ ಕಡೆ ಹಿಡಿದು ಹಗ್ಗಜಗ್ಗಾಟ ಆಡಿದ ಹಾಗೆ ಎಳೆದ್ರೆ ಪೈಲ್ವಾನರೇ ಬಿದ್ರು, ಹೊಲಿಗೆ ಬಿಡಲಿಲ್ಲವಂತೆ.

ಕೊನೆಗೆ ರೇಷ್ಮೆ. ರಾಣಿ ಹತ್ತಿರ ಉಳಿದಿದ್ದದ್ದು ಒಂದು ರವಿಕೆಗಾಗೋಷ್ಟು ಮಾತ್ರ. ತಪ್ಪಿದ್ರೆ ಮತ್ತೆ ಸಿಗೋದಿಲ್ಲ. ಹೊನ್ನಾಜಿ ಕೆಂಚಣ್ಣನ ಸಣ್ಣ ಸೂಜಿ ತೆಗೆದು ಬೆಳಕಿಗೆ ಹಿಡಿದು ನೋಡಿದಳಂತೆ, ಅವನು ಡೇರೆ ಬಟ್ಟೆ ಮೇಲೆ ಅಷ್ಟು ಹಿಂಸೆ ಮಾಡಿದ್ನಲ್ಲ, ಬಾಗಿದ್ಯಾ ಅಂತ. ಅದರ ಚಪ್ಪಟೆ ಬೆನ್ನನ್ನ ಗಾಜಿನ ಮೇಲೆ ಇಟ್ಟು ನೋಡಿದಳಂತೆ, ತುದಿ ತನಕ ನೇರ ಇತ್ತು. ಬೆಲ್ಟು ಒದ್ದಿರದಿದ್ರೆ ಎಲ್ಲಿರ್ತಿತ್ತು ಈ ಸೂಜಿ ಅಂತ ನೆನೆದು ಅವಳಿಗೆ ಮತ್ತೆ ಸಿಟ್ಟು ನೆತ್ತಿಗೇರ್ತಂತೆ. ಕೈ ಮಾತ್ರ ಒಂಚೂರೂ ಅಲ್ಲಾಡಲಿಲ್ಲವಂತೆ. ಸಿಡುಕಿ ಕೂತ್ರೆ ದಾರ ಹರಿಯುತ್ತೆ ಅಂದಿದ್ದ ಅಪ್ಪ. ಹರೀಲಿಲ್ಲ. ರಾಣಿ ಆ ರವಿಕೆಯನ್ನ ಕಿಟಕಿ ಬೆಳಕಿಗೆ ಹಿಡಿದು ಈ ಕಡೆ ತಿರುಗಿಸಿ ಆ ಕಡೆ ತಿರುಗಿಸಿ ನೋಡಿದಳಂತೆ. ಒಂದು ತೂತಿಲ್ಲ, ಒಂದು ಸುಕ್ಕಿಲ್ಲ. ನೋಡಿ ಮಡಿಲಲ್ಲಿ ಇಟ್ಕೊಂಡು, ನನ್ನ ಮಗಳು ಇದನ್ನೇ ತೊಟ್ಕೊಂಡು ಧಾರೆಗೆ ಕೂರ್ತಾಳೆ, ನೀನೂ ಬರಬೇಕು ಅಂದಳಂತೆ. ಆಮೇಲೆ ಪೈಲ್ವಾನರ ಕಡೆ ತಿರುಗಿ, ಮಿಷನ್ ಮುಟ್ಟಬೇಡಿ, ನಡೀರಿ ಅಂದಳಂತೆ.

ಪಲ್ಲಕ್ಕಿ ಅತ್ತ ಹೋಯ್ತು, ಇತ್ತ ಅಣ್ಣಂದಿರು ಮೆತ್ತಗೆ ಹತ್ತಿರ ಬಂದರಂತೆ. ನೋಡಿದ್ಯಾ ಹೊನ್ನಿ, ಅಪ್ಪ ಎಂಥಾ ಬುದ್ಧಿವಂತ, ಮೂರು ಸೂಜಿ ನಮಗೆ ಕೊಟ್ಟು ಡಬ್ಬಿ ನಿಂಗೆ ಕೊಟ್ಟ, ಎಲ್ಲ ಮುಂದಾಲೋಚನೆ ಮಾಡೇ ಕೊಟ್ಟಿದ್ದು ಅಂದನಂತೆ ಮಾಳಿಗಯ್ಯ. ಉಳಿದಿಬ್ಬರೂ ಹೌದೌದು ಅಂತ ತಲೆ ಆಡಿಸಿದರಂತೆ.

ನೀನೂ ಹಾಗೇ ಅಂದ್ಕೊಂಡ್ಯಾ? ಅಪ್ಪ ಬೇಕೂಂತಲೇ ಡಬ್ಬಿ ಕೊಟ್ಟಿದ್ದು ಅಂತ? ಬೇರೆ ಅಜ್ಜೀರು ಹಾಗೇ ಹೇಳ್ತಾರೆ, ನಾನು ಹೇಳಲ್ಲ. ಹೊನ್ನಾಜಿಯೂ ಒಪ್ಪಲಿಲ್ಲ. ಎದ್ದು ನಿಂತು ಅಂದಳಂತೆ, ಸುಳ್ಳು ಹೇಳ್ಬೇಡ ದೊಡ್ಡಣ್ಣ. ಗೊತ್ತಿದ್ದು ಕೊಟ್ಟಿದ್ರೆ ಅಪ್ಪ ಬಾಯಿ ಬಿಟ್ಟು ಹೇಳ್ತಿದ್ದ, ನನ್ನ ಮಗಳಿಗೆ ಕೆಲಸ ಗೊತ್ತು, ಅವಳನ್ನ ಕೇಳಿ ಅಂತ. ಒಂದು ಮಾತು ಅಲ್ವಾ? ಆಡಲಿಲ್ಲ. ಅಪ್ಪ ಡಬ್ಬಿ ಕೊಟ್ಟದ್ದು ಅದು ಖಾಲಿ ಇತ್ತು ಅಂತ. ತುಂಬಿಸ್ಕೊಂಡದ್ದು ನಾನು. ಅಷ್ಟು ಹೇಳೋ ಹೊತ್ತಿಗೆ ಅವಳಿಗೆ ಅಳು ಬಂತಂತೆ, ಈ ಸಲ ಯಾತಕ್ಕೆ ಅಳ್ತಿದ್ದೀನಿ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತಂತೆ. ಅಣ್ಣಂದಿರು ತಲೆ ತಗ್ಗಿಸಿ ನಿಂತರು. ಸೋಮಿಯೊಬ್ಬ, ತಪ್ಪಾಯ್ತು ಕಣೇ ಅಂದನಂತೆ.

ಆಮೇಲೆ ಏನಾಯ್ತು, ಮದುವೆ ಆಯ್ತು, ಹೊನ್ನಾಜಿ ಹೋಗಿ ಎಲೆ ಮುಂದೆ ಕೂತು ಹೋಳಿಗೆ ತಿಂದು ಬಂದಳು. ಅಲ್ಲಿಂದ ಮಿಷನ್ ಮೇಲೆ ಕೂತೋಳು ಅವಳೇ. ಮಾಳಿಗಯ್ಯ ಅಳತೆ ತಗೊಂಡ, ಕೆಂಚಣ್ಣ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಊದಿದ, ಬೈತಲೆಗೆಲ್ಲ ಬೂದಿ ಕೂತ್ಕೊಳ್ತಿತ್ತಂತೆ. ಸೋಮಿ ಡಬ್ಬಿ ಹಿಡ್ಕೊಂಡು ನಿಂತ. ಆದ್ರೆ ಅವಳು ಅಪ್ಪನ ಥರ ಬೆನ್ನು ತಿರುಗಿಸಿ ಟವಲ್ ಮುಸುಕು ಹಾಕ್ಕೊಳ್ಲಿಲ್ಲ. ಮಿಷನ್ನನ್ನ ಎತ್ತಿ ತಂದು ಬೀದಿಗೆ ಮುಖ ಮಾಡಿ ಜಗಲಿ ಮೇಲೇ ಹಾಕಿಸಿದಳು. ಬಟ್ಟೆ ಮುಟ್ಟಿ ನೋಡಿ, ಇದು ರೇಷ್ಮೆ, ಸಣ್ಣದು ಕೊಡು, ಇದು ಒರಟು, ದಪ್ಪಂದು ಕೊಡು, ಇದು ಹಿಗ್ಗುತ್ತೆ, ಗುಂಡುಮೂತೀದು ಕೊಡು ಅಂತ ಇಡೀ ಬೀದಿಗೆ ಕೇಳೋ ಹಾಗೆ ಕೂಗಿ ಹೇಳಿ ಹೊಲಿದಳು. ಬೀದಿ ಹುಡುಗೀರೆಲ್ಲ ಜಗಲಿ ಕೆಳಗೆ ನಿಂತು ಕಲಿತರು. ಕೆಲವರು ಬೈಸ್ಕೊಂಡೂ ಕಲಿತರು, ಯಾಕಂದ್ರೆ ಅವಳ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಾಲ್ಕೂ ಜನ ಒಂದೇ ಒಲೆ ಅನ್ನ ಉಂಡು ಚೆನ್ನಾಗಿದ್ದರಂತೆ.

ಸೂಜಿ ಡಬ್ಬಿಗೆ ಸೇರ್ತು, ಮಿಷನ್ನಿಗೆ ಹೊದಿಕೆ ಬಿತ್ತು, ಹೊನ್ನಾಜಿ ಕತೆ ಮುಗೀತು. ಈಗ ನೀನು ಹೂಂಗುಟ್ಟೋದು ಬಿಟ್ಟು ಕಣ್ಣು ಮುಚ್ಚು. ನಾಳೆ ಸಂಜೆ ಹುಡುಗರು ಸೈಕಲ್ ತೆಗೆದ ತಕ್ಷಣ ನನ್ನ ಕರಿ. ಹ್ಯಾಂಡಲ್ ನೀನು ಹಿಡಿ. ಅವರ ಚಪ್ಪಲಿ ನಾನು ಕಾಯ್ತೀನಿ.